ಹದಿನಾರು ಅಂಕ ಬಂದಿದೆ, ಮುಂದೇನು?

ಭಾಂಡುಪ್‌ನ ಓದುಗರೊಬ್ಬರ ಪತ್ರ. ಹೆಸರು ಬೇಡ ಎಂದಿದ್ದಾರೆ. ಪತ್ರ ಉದ್ದವಾಗಿದೆ, ಸಾರ ಇಷ್ಟು:

"ನನಗೆ ನಲವತ್ತೇಳು. ಯಜಮಾನರು ವಿಕ್ರೋಲಿಯಲ್ಲಿ ಒಂದು ಆಫೀಸಿನ ಕ್ಯಾಂಟೀನ್ ನೋಡಿಕೊಳ್ಳುತ್ತಾರೆ. ಮಳೆಗಾಲದಿಂದೀಚೆ ನನಗೆ ಯಾವುದರಲ್ಲೂ ಮನಸ್ಸಿಲ್ಲ. ಟಿಫಿನ್ ಮಾಡಿಕೊಡುತ್ತಿದ್ದೆ, ಬಿಟ್ಟೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಫೋನ್ ಬಂದರೆ ಎದೆ ಢವಢವ. ಪುಣೆಯಲ್ಲಿ ಓದುವ ಮಗಳು ಇಂಗ್ಲಿಷಿನ ಒಂದು ಪ್ರಶ್ನೆಪಟ್ಟಿ ಪ್ರಿಂಟ್ ತೆಗೆದು ತಂದು ತುಂಬಿಸಿದಳು. ಪಿಎಚ್‌ಕ್ಯೂ-9 ಎಂದು ಅದರ ಹೆಸರು, ಖಿನ್ನತೆ ಇದೆಯೇ ಎಂದು ನೋಡುವುದಂತೆ. ಕೂಡಿದರೆ ಹದಿನಾರು ಬಂತು. ಕೊನೆಯ ಪ್ರಶ್ನೆಯೊಂದನ್ನು ಬಿಟ್ಟೆ. ಇದನ್ನು ನಂಬಬಹುದೇ? ಕನ್ನಡದಲ್ಲಿ ಸಿಗುತ್ತದೆಯೇ? ಎಲ್ಲಿಗೆ ಹೋಗಲಿ? ಕನ್ನಡದಲ್ಲೇ ಮಾತಾಡಬೇಕೆಂಬ ಆಸೆ. ನಾಲ್ಕು ಜನಕ್ಕೆ ತಿಳಿದರೆ ಮಗಳ ಮದುವೆಗೆ ತೊಂದರೆಯಾದೀತೇ? ಊರಲ್ಲಿರುವ ಅಕ್ಕ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ ನೋಡೋಣ ಎನ್ನುತ್ತಾಳೆ. ಯಜಮಾನರಿಗೆ ಇನ್ನೂ ಹೇಳಿಲ್ಲ."

ಸಂಪಾದಕರ ಉತ್ತರ

ಸಹೋದರಿ, ನಿಮ್ಮ ಎಲ್ಲ ಪ್ರಶ್ನೆಗಳಿಗೂ ಬರುತ್ತೇನೆ. ಆದರೆ ಮೊದಲು ನೀವು ಖಾಲಿ ಬಿಟ್ಟ ಜಾಗದ ಬಗ್ಗೆ ಮಾತಾಡಬೇಕು.

ಆ ಪಟ್ಟಿಯ ಒಂಬತ್ತನೆಯ ಪ್ರಶ್ನೆ, ಬದುಕಿರುವುದಕ್ಕಿಂತ ಸಾಯುವುದೇ ಮೇಲು ಎಂಬ ಅಥವಾ ತನಗೆ ತಾನೇ ಏನಾದರೂ ಮಾಡಿಕೊಳ್ಳಬೇಕೆಂಬ ಯೋಚನೆ ಕಳೆದ ಎರಡು ವಾರಗಳಲ್ಲಿ ಬಂದಿದೆಯೇ ಎಂಬುದು. ಮಗಳು ಎದುರಿಗೆ ಕೂತಿರುವಾಗ ಯಾವ ತಾಯಿಗೂ ಅದಕ್ಕೆ ಉತ್ತರ ಬರೆಯುವುದು ಸುಲಭವಲ್ಲ. ಯೋಚನೆ ಬಂದಿರಲಿಕ್ಕಿಲ್ಲ, ಓದಿದ್ದಕ್ಕೇ ಹೆದರಿ ಬಿಟ್ಟಿರಬಹುದು. ಬಂದಿದ್ದರೆ ಮಾತ್ರ ದಯವಿಟ್ಟು ಈ ಪುಟವನ್ನು ಇಲ್ಲಿಗೇ ನಿಲ್ಲಿಸಿ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಆ ಕ್ಷಣ ತಡೆಯಲಾರೆ ಅನಿಸಿದರೆ ಪಕ್ಕದ ಮನೆಯವರನ್ನು ಎಬ್ಬಿಸಿ, 112ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋಗಿ. ಒಬ್ಬರೇ ಇರಬೇಡಿ. ಇಂಥ ಯೋಚನೆ ಬರುವುದು ಪಾಪವಲ್ಲ, ಕಾಯಿಲೆಯ ಲಕ್ಷಣ. ಬಾಯಿಬಿಟ್ಟು ಹೇಳಿದರೆ ಅದು ಹೆಚ್ಚಾಗುತ್ತದೆ ಎಂಬ ಭಯ ನಮ್ಮಲ್ಲಿ ಬಹಳ ಜನರಿಗಿದೆ. ಅದು ನಿಜವಲ್ಲ. ಯಾರಾದರೂ ನೇರವಾಗಿ ಕೇಳಿದರೆ ಹೆಚ್ಚಿನವರಿಗೆ ಎದೆಯ ಭಾರ ಇಳಿದಂತಾಗುತ್ತದೆ.

ಇನ್ನು ಹದಿನಾರರ ವಿಷಯ.

ಆ ಪಟ್ಟಿಯನ್ನು ಸ್ಪಿಟ್ಜರ್, ವಿಲಿಯಮ್ಸ್, ಕ್ರೋಂಕೆ ಎಂಬ ಅಮೆರಿಕದ ಮೂವರು ಸೇರಿ ರೂಪಿಸಿದರು, 2001ರಲ್ಲಿ ಅದರ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಐದರಿಂದ ಸೌಮ್ಯ, ಹತ್ತರಿಂದ ಮಧ್ಯಮ, 15ರಿಂದ 19 ಮಧ್ಯಮಕ್ಕಿಂತ ತುಸು ತೀವ್ರ, 20ರಿಂದ ಮೇಲೆ ತೀವ್ರ. ಎಂಟೇ ಪ್ರಶ್ನೆಗೆ ನಿಮಗೆ ಹದಿನಾರು ಬಂದಿದೆ, ಒಂಬತ್ತನೆಯದಕ್ಕೆ ಸೊನ್ನೆ ಹಾಕಿದರೂ ಅದು ಕಡಿಮೆಯಾಗುವುದಿಲ್ಲ. ಹತ್ತನ್ನು ಗೆರೆಯಾಗಿ ಇಟ್ಟುಕೊಂಡಾಗ, ನಿಜಕ್ಕೂ ಖಿನ್ನತೆ ಇದ್ದ ನೂರು ಮಂದಿಯಲ್ಲಿ 88 ಮಂದಿಯನ್ನು ಈ ಪಟ್ಟಿ ಗುರುತಿಸಿತ್ತು. ಖಿನ್ನತೆ ಇಲ್ಲದ ನೂರರಲ್ಲಿ 12 ಮಂದಿಯನ್ನೂ ಇದೆ ಎಂದು ತೋರಿಸಿತ್ತು. ಒಂದು ಹಾಳೆಗೆ ಇದು ಒಳ್ಳೆಯ ಸಾಧನೆಯೇ. ಆದರೆ ಆ 12 ಮಂದಿ ಯಾರು ಎಂದು ಹಾಳೆಗೆ ಗೊತ್ತಾಗುವುದಿಲ್ಲ, ವೈದ್ಯರಿಗೆ ಗೊತ್ತಾಗುತ್ತದೆ.

ಯಾಕೆಂದರೆ ಹಾಳೆ ಕಾರಣ ಕೇಳುವುದಿಲ್ಲ. ನಿದ್ದೆ ಕೆಟ್ಟಿದೆಯೇ ಎನ್ನುತ್ತದೆ, ಕೆಟ್ಟಿದೆ ಎಂದರೆ ಅಂಕ ಕೊಡುತ್ತದೆ. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಹೊತ್ತಿನ ಬಿಸಿಯೇರುವಿಕೆ, ಬೆವರು ನಡುರಾತ್ರಿ ಎಬ್ಬಿಸಬಹುದು. ಥೈರಾಯ್ಡ್ ಕಡಿಮೆಯಾದರೆ ಸುಸ್ತು, ಮಂಕು, ಏನೂ ಬೇಡವೆನಿಸುವುದು ಎಲ್ಲ ಬರುತ್ತದೆ. ಹಿಮೋಗ್ಲೋಬಿನ್ ಇಳಿದರೂ, ಬಿ-12 ಕಡಿಮೆಯಾದರೂ ಹಾಗೆಯೇ. ಬೆಳಗಿನ ಜಾವ ಯಜಮಾನರಿಗೆ ಚಹಾ ಮಾಡಲು ಏಳುವ ಮನೆಯಲ್ಲಿ ಸುಸ್ತಿಗೆ ಬೇರೆ ಕಾರಣವೂ ಇರುತ್ತದೆ. ಇವನ್ನೆಲ್ಲ ರಕ್ತಪರೀಕ್ಷೆ ಮತ್ತು ಹತ್ತು ನಿಮಿಷದ ಮಾತು ಬಿಡಿಸಿಕೊಡುತ್ತವೆ. ವೈದ್ಯರು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ: ಹಿಂದೆ ಎಂದಾದರೂ ನಿದ್ದೆಯೇ ಬೇಡವೆನಿಸುವಷ್ಟು ಹುರುಪು, ಅತಿಯಾದ ಮಾತು, ಕೈಬಿಚ್ಚಿ ಖರ್ಚು ಮಾಡಿದ ದಿನಗಳು ಇದ್ದವೇ ಎಂದು. ಇದ್ದರೆ ಔಷಧಿಯ ದಾರಿಯೇ ಬೇರೆ. ಈ ಹಾಳೆಯಲ್ಲಿ ಆ ಪ್ರಶ್ನೆ ಇಲ್ಲ.

ಅಂದಮೇಲೆ ನಂಬಬಹುದೇ? ಡಾಕ್ಟರ ಹತ್ತಿರ ಹೋಗುವ ಹೊತ್ತಾಯಿತು ಎಂದು ಅದು ಹೇಳುತ್ತಿದೆ, ಅಷ್ಟನ್ನು ಪೂರ್ತಿ ನಂಬಿ. ನಿಮಗೆ ಇಂಥದೇ ಕಾಯಿಲೆ ಎಂದು ತೀರ್ಮಾನಿಸುವ ಕೆಲಸ ಅದರದಲ್ಲ. ಹತ್ತಕ್ಕಿಂತ ಕಡಿಮೆ ಬಂದಿದ್ದರೆ ಎರಡು ವಾರ ಬಿಟ್ಟು ಮತ್ತೊಮ್ಮೆ ತುಂಬಿ ನೋಡಿ ಎನ್ನುತ್ತಿದ್ದೆ. ಹದಿನಾರಕ್ಕೆ ಕಾಯಬೇಡಿ, ಈ ವಾರವೇ ಹೋಗಿ.

ಕನ್ನಡದಲ್ಲಿ ಸಿಗುತ್ತದೆ. ಕನ್ನಡ, ಮರಾಠಿ, ಹಿಂದಿ ಅನುವಾದಗಳು ಇವೆ, ಬಳಸಲು ಯಾರ ಅನುಮತಿಯೂ ಬೇಕಿಲ್ಲ, ಬೆಲೆಯೂ ಇಲ್ಲ. ಆದ್ದರಿಂದ ಮಗಳಿಗೆ ಒಂದು ಮಾತು ಹೇಳಿ: ಪಿಎಚ್‌ಕ್ಯೂ ಹೆಸರಿನಲ್ಲಿ ಹಣ ಕೇಳುವ, ಫಲಿತಾಂಶ ತೋರಿಸುವ ಮೊದಲು ಮೊಬೈಲ್ ಸಂಖ್ಯೆ ಕೇಳುವ ಆ್ಯಪ್ ಸಿಕ್ಕರೆ ಮುಚ್ಚಿಬಿಡಲಿ. ಕನ್ನಡದ ಹಾಳೆಯನ್ನು ನೀವೇ, ಒಬ್ಬರೇ ಕೂತು, ಇನ್ನೊಮ್ಮೆ ತುಂಬಿ. ಇಂಗ್ಲಿಷಿನ ಪ್ರಶ್ನೆಯನ್ನು ಮಗಳು ಅರ್ಥ ಹೇಳಿ, ನೀವು ಉತ್ತರ ಹೇಳಿ, ಅವಳು ಗುರುತು ಹಾಕುವಾಗ ನಡುವೆ ಎಷ್ಟೋ ಸಂಗತಿ ಸೋರಿಹೋಗಿರುತ್ತದೆ. ಒಂಬತ್ತನೆಯದಕ್ಕೂ ಆಗ ಉತ್ತರ ಬರೆಯಲು ಸಾಧ್ಯವಾದೀತು.

ಫೋನ್ ಸದ್ದಿಗೆ ಎದೆ ಹೊಡೆದುಕೊಳ್ಳುವುದಕ್ಕೆ ಇನ್ನೊಂದು ಚಿಕ್ಕ ಪಟ್ಟಿ ಇದೆ, ಜಿಎಡಿ-7 ಎಂದು. 2006ರದು, ಏಳು ಪ್ರಶ್ನೆ, ಒಟ್ಟು 21, ಅಲ್ಲಿಯೂ ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ಆತಂಕ ಮತ್ತು ಖಿನ್ನತೆ ಬಹಳ ಸಲ ಜೊತೆಯಾಗಿಯೇ ಬರುತ್ತವೆ. ಎರಡನ್ನೂ ತುಂಬಿ ಜೊತೆಗೆ ಒಯ್ಯಿರಿ.

ಎಲ್ಲಿಗೆ? ಭಾಂಡುಪ್‌ನಿಂದ ಸ್ಲೋ ಲೋಕಲ್ ಹತ್ತಿದರೆ ಸೈನ್. ಅಲ್ಲಿಯ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ, ಅಂದರೆ ನಾವೆಲ್ಲ ಸೈನ್ ಹಾಸ್ಪಿಟಲ್ ಎನ್ನುವಲ್ಲಿ, ಮನೋವೈದ್ಯ ವಿಭಾಗದ ಓಪಿಡಿ ಇದೆ. ಪರೇಲ್‌ನ ಕೆಇಎಂನಲ್ಲಿ, ಮುಂಬಯಿ ಸೆಂಟ್ರಲ್‌ನ ನಾಯರ್‌ನಲ್ಲಿಯೂ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ, ಖರ್ಚು ತೀರಾ ಕಡಿಮೆ, ಕಾಯುವುದು ಮಾತ್ರ ಹೆಚ್ಚು. ಅಷ್ಟು ದೂರ ಈಗಲೇ ಬೇಡವೆನಿಸಿದರೆ ನಿಮ್ಮ ಫ್ಯಾಮಿಲಿ ಡಾಕ್ಟರ ಬಳಿಯೇ ಶುರು ಮಾಡಿ, ಅವರು ರಕ್ತಪರೀಕ್ಷೆ ಬರೆದುಕೊಟ್ಟು ಮುಂದಕ್ಕೆ ಕಳಿಸಲಿ. ಔಷಧಿ ಕೊಡುವವರು ಮನೋವೈದ್ಯರು. ಮಾತಿನ ಮೂಲಕ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು, ಕೇಳಲು ಸಂಕೋಚ ಬೇಡ. ಪುಣೆ, ಗೋವಾದ ಓದುಗರಿಗಾಗಿ ಇಷ್ಟು: ಯರವಡಾದಲ್ಲಿ ಪ್ರಾದೇಶಿಕ ಮನೋರುಗ್ಣಾಲಯವಿದೆ, ಗೋವಾದ ಬಾಂಬೋಲಿಯಲ್ಲಿ ಮನೋವೈದ್ಯಕೀಯ ಸಂಸ್ಥೆ ಇದೆ.

ಕನ್ನಡದಲ್ಲೇ ಮಾತಾಡಬೇಕೆನ್ನುವ ನಿಮ್ಮ ಆಸೆ ಹಟವಲ್ಲ. ಮೂವತ್ತು ವರ್ಷ ಮುಂಬಯಿಯಲ್ಲಿದ್ದು ಭಾಜಿಯವನ ಹತ್ತಿರ ಮರಾಠಿ, ರಿಕ್ಷಾದವನ ಹತ್ತಿರ ಹಿಂದಿ ಸರಾಗವಾಗಿ ಆಡುವವರಿಗೂ ಸಂಕಟ ಹೇಳಿಕೊಳ್ಳುವಾಗ ಆ ಭಾಷೆಗಳು ಕೈಕೊಡುತ್ತವೆ. "ತಲೆನೋವು" ಎಂದಷ್ಟೇ ಹೇಳಿ ಎದ್ದು ಬರುತ್ತೇವೆ, ಡಾಕ್ಟರು ತಲೆನೋವಿನ ಮಾತ್ರೆ ಕೊಡುತ್ತಾರೆ. 14416 ಇಲ್ಲಿಯೂ ನೆರವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು 2022ರ ಅಕ್ಟೋಬರ್ 10ರಂದು ಶುರುವಾದ ಸೇವೆ ಅದು, ದೇಶದ ಇಪ್ಪತ್ತು ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡ ಅವುಗಳಲ್ಲಿ ಒಂದು. ಮಹಾರಾಷ್ಟ್ರದಿಂದ ಮಾಡಿದ ಕರೆಗೆ ಮೊದಲು ಮರಾಠಿಯವರು ಸಿಕ್ಕರೆ, ಕನ್ನಡ ಮಾತಾಡುವವರು ಬೇಕು ಎಂದು ಬಿಡದೆ ಕೇಳಿ. ಆಸ್ಪತ್ರೆಗೆ ಹೋಗುವ ಮುನ್ನ ಏನೇನು ಹೇಳಬೇಕೆಂದು ಕನ್ನಡದಲ್ಲಿ ಒಂದು ಪುಟ ಬರೆದಿಟ್ಟುಕೊಳ್ಳಿ: ಯಾವಾಗಿನಿಂದ, ಏನು ಬಿಟ್ಟಿರಿ, ಎಷ್ಟು ಹೊತ್ತಿಗೆ ಎಚ್ಚರ, ಈಗ ನುಂಗುತ್ತಿರುವ ಮಾತ್ರೆಗಳು ಯಾವುವು. ಅಲ್ಲಿ ಮಗಳು ಹಿಂದಿಯಲ್ಲಿ ಓದಿ ಹೇಳಲಿ.

ಒಂದು ಎಚ್ಚರಿಕೆ. ನೆರೆಯವರು ಹೇಳಿದರೆಂದು ಮೆಡಿಕಲ್‌ನಿಂದ ನಿದ್ದೆ ಮಾತ್ರೆ ತರಿಸಬೇಡಿ, ಅವುಗಳಲ್ಲಿ ಕೆಲವು ಬೇಗ ಅಭ್ಯಾಸವಾಗಿಬಿಡುತ್ತವೆ. ಡಾಕ್ಟರು ಖಿನ್ನತೆಗೆ ಕೊಡುವ ಔಷಧಿಯ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಹಿಡಿಯುತ್ತದೆ. ಮೊದಲ ವಾರದ ಹೊಟ್ಟೆ ತೊಳಸುವಿಕೆಗೆ ಹೆದರಿ, ಅಥವಾ ಮೂರು ತಿಂಗಳಿಗೆ ಗುಣವಾಯಿತೆಂದು, ನೀವಾಗಿಯೇ ನಿಲ್ಲಿಸಬೇಡಿ.

ಔಷಧಿಯೊಂದೇ ದಾರಿಯೂ ಅಲ್ಲ. ನಿಮಗೆ ಧೈರ್ಯ ಬರಲೆಂದು ಗೋವಾದಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಲ್ಲಿಯ ಸಂಗಾತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಇದೇ ಪಟ್ಟಿಯಲ್ಲಿ 14ಕ್ಕಿಂತ ಹೆಚ್ಚು ಅಂಕ ಬಂದ ಜನರನ್ನು ಆರಿಸಿದರು, ಅಂದರೆ ನಿಮ್ಮಂಥವರನ್ನೇ. ಅವರಲ್ಲಿ ಅರ್ಧ ಜನರೊಡನೆ, ಮನೋವೈದ್ಯರೇನೂ ಅಲ್ಲದ, ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ಆರರಿಂದ ಎಂಟು ಸಲ ಕೂತು ಮಾತಾಡಿದರು. ಮುಖ್ಯವಾಗಿ ಮಾಡಿಸಿದ್ದು, ಬಿಟ್ಟುಹೋದ ಕೆಲಸಗಳನ್ನು ಚಿಕ್ಕ ಚಿಕ್ಕ ತುಂಡಾಗಿ ಮತ್ತೆ ದಿನಚರಿಗೆ ತರುವುದು. ಮನಸ್ಸಾದ ಮೇಲೆ ಮಾಡೋಣ ಎಂದು ಕಾಯದೆ, ಮಾಡುತ್ತಾ ಮನಸ್ಸು ಬರಲಿ ಎನ್ನುವ ಕ್ರಮ ಅದು. ಮೂರು ತಿಂಗಳ ಬಳಿಕ ಆ ಗುಂಪಿನ ನೂರರಲ್ಲಿ 64 ಮಂದಿಯ ಅಂಕ ಹತ್ತಕ್ಕಿಂತ ಕೆಳಗಿಳಿದಿತ್ತು, ಈ ಮಾತುಕತೆ ಸಿಗದವರಲ್ಲಿ 39 ಮಂದಿಯದು. 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಇದು ಅಚ್ಚಾಗಿದೆ. ಟಿಫಿನ್ ಪೂರ್ತಿ ಶುರು ಮಾಡಿ ಎಂದು ನಾನು ಹೇಳುತ್ತಿಲ್ಲ. ಡಾಕ್ಟರನ್ನು ಕಂಡು ಬರುವವರೆಗೆ ದಿನಕ್ಕೊಂದು ಸಣ್ಣ ಕೆಲಸ, ಸಂಜೆ ಕೆಳಗಿಳಿದು ಮಾರ್ಕೆಟ್‌ವರೆಗೆ ಹೋಗಿ ಬರುವಷ್ಟು, ಸಾಕು.

ಮದುವೆಯ ಚಿಂತೆ ನನಗೆ ಅರ್ಥವಾಗುತ್ತದೆ, ನಮ್ಮ ಸಮಾಜದಲ್ಲಿ ಸುದ್ದಿ ಹೇಗೆ ಓಡುತ್ತದೆಂದು ನೋಡಿದ್ದೇನೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು, ಅದು ನಿಮ್ಮ ಹಕ್ಕು. ಸೈನ್‌ನ ಓಪಿಡಿಯಲ್ಲಿ ಪರಿಚಯದವರು ಎದುರಾದರೆ ಅವರೂ ಅದೇ ಸರತಿಯಲ್ಲಿ ನಿಂತವರೇ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಖಿನ್ನತೆ-ಆತಂಕದಂಥ ಸಾಮಾನ್ಯ ಕಾಯಿಲೆ ಇರುವವರಲ್ಲಿ ನೂರಕ್ಕೆ 85ರಷ್ಟು ಮಂದಿ ಯಾವ ಚಿಕಿತ್ಸೆಯನ್ನೂ ಪಡೆಯುತ್ತಿಲ್ಲವೆಂದು ತಿಳಿದುಬಂತು. ನಾಲ್ಕು ಜನ ಏನೆಂದಾರು ಎಂಬ ಅಂಜಿಕೆಗೆ ಅದರಲ್ಲಿ ದೊಡ್ಡ ಪಾಲಿದೆ ಎಂದು ನಾನು ನಂಬಿದ್ದೇನೆ.

ನಮ್ಮ ಸಂಘ-ಸಂಸ್ಥೆಗಳವರಿಗೂ ಇಲ್ಲಿಯೇ ಒಂದು ಮಾತು. ಬಿಪಿ, ಶುಗರ್, ಕಣ್ಣಿನ ಶಿಬಿರಗಳನ್ನು ನೀವು ಅಚ್ಚುಕಟ್ಟಾಗಿ ನಡೆಸುತ್ತೀರಿ. ಮುಂದಿನ ಶಿಬಿರದಲ್ಲಿ ಈ ಕನ್ನಡ ಹಾಳೆಯನ್ನೂ ಇಡಿ, ಆದರೆ ಅಂಕ ಹೆಚ್ಚು ಬಂದವರನ್ನು ಅಲ್ಲಿಯೇ ಮರೆಯಲ್ಲಿ ಕೂರಿಸಿಕೊಂಡು ಮಾತಾಡಿಸುವ, ಮರುವಾರ ಆಸ್ಪತ್ರೆಗೆ ಜೊತೆಯಾಗಿ ಹೋಗುವ ಇಬ್ಬರನ್ನು ಗೊತ್ತುಮಾಡಿದ ಮೇಲೆ. ಅದಿಲ್ಲದೆ ಹಾಳೆ ಹಂಚಿದರೆ ಭಯ ಹಂಚಿದಂತಾಗುತ್ತದೆ.

ಅಕ್ಕನ ಮಾತಿಗೆ ಎದುರಾಡಬೇಡಿ. ಪ್ರಶ್ನೆ ಇಡಿಸುವುದು, ಹರಕೆ, ದೈವದ ಮುಂದೆ ನಿಂತು ಹೇಳಿಕೊಳ್ಳುವುದು ನಿಮಗೆ ಸಮಾಧಾನ ಕೊಡುತ್ತದಾದರೆ ಊರಿಗೆ ಹೋದಾಗ ಆಗಲಿ. ಅದಕ್ಕಾಗಿ ಡಾಕ್ಟರ ಭೇಟಿಯನ್ನು ಮುಂದೂಡಬೇಡಿ, ಶುರುವಾದ ಮಾತ್ರೆ ಬಿಡಿ ಎಂದು ಯಾರೇ ಹೇಳಿದರೂ ಕೇಳಬೇಡಿ.

ಯಜಮಾನರಿಗೆ ಹೇಳಿ. ಹೇಗೆಂದು ತಿಳಿಯದಿದ್ದರೆ ಅದೇ ಹಾಳೆಯ ಅಡಿಯಲ್ಲಿ, ಅಂಕವಿಲ್ಲದ ಒಂದು ಪ್ರಶ್ನೆ ಇದೆ ನೋಡಿ: ಈ ತೊಂದರೆಗಳಿಂದ ಕೆಲಸ, ಮನೆವಾರ್ತೆ, ಜನರೊಡನೆ ಒಡನಾಟ ಎಷ್ಟು ಕಷ್ಟವಾಗಿದೆ ಎಂದು. ಲೆಕ್ಕಕ್ಕೆ ಸೇರದಿದ್ದರೂ ವೈದ್ಯರು ಅದನ್ನು ಗಮನಿಸುತ್ತಾರೆ. ಅಂಕ ತೋರಿಸಿದರೆ ಅವರು ಗಾಬರಿಯಾದಾರು, ಈ ಪ್ರಶ್ನೆಗೆ ನೀವು ಕೊಟ್ಟ ಉತ್ತರವನ್ನು ಮೊದಲು ತೋರಿಸಿ. ಟಿಫಿನ್ ನಿಂತದ್ದು ಅವರಿಗೆ ಗೊತ್ತೇ ಇದೆ, ಯಾಕೆಂದು ಗೊತ್ತಿಲ್ಲ. ಕ್ಯಾಂಟೀನಿಗೆ ಭಾನುವಾರ ರಜೆ ಇರಬಹುದು, ಓಪಿಡಿಗೂ ಅಂದು ರಜೆಯೇ. ವಾರದ ನಡುವೆ ಒಂದು ಬೆಳಿಗ್ಗೆ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ಸೈನ್‌ಗೆ ಜೊತೆಗೆ ಬರಬೇಕೆಂದು ನಾನೇ ಕೇಳಿಕೊಂಡಿದ್ದೇನೆಂದು ಅವರಿಗೆ ತಿಳಿಸಿ.