ಮೈಟರ್ ಗರಗಸದ ಹೊಟ್ಟು ಚೀಲಕ್ಕೇಕೆ ಬೀಳುವುದಿಲ್ಲ?

ಪ್ರಶ್ನೆ: ಮನೆಯ ಒಂದು ಕೋಣೆಯನ್ನು ಮರಗೆಲಸಕ್ಕೆಂದೇ ಬಿಟ್ಟುಕೊಂಡು ಅಲ್ಲಿ 10 ಇಂಚಿನ ಮೈಟರ್ ಗರಗಸವನ್ನು (ಮರವನ್ನು ನೇರವಾಗಿಯೂ ಓರೆಯಾಗಿಯೂ ಅಡ್ಡ ಕೊಯ್ಯುವ ವಿದ್ಯುತ್ ಗರಗಸ) ಇಟ್ಟಿದ್ದೇನೆ. ಅದರೊಂದಿಗೆ ಬಂದ ಬಟ್ಟೆಯ ಚೀಲವನ್ನು ಸಿಕ್ಕಿಸಿದರೂ ಹೊಟ್ಟು ಗೋಡೆಗೆ, ನೆಲಕ್ಕೆ ಎರಚಿದಂತೆ ಹರಡುತ್ತದೆ. ಚೀಲದ ಬದಲು ವ್ಯಾಕ್ಯೂಮ್ ಕ್ಲೀನರ್ ಜೋಡಿಸಿದೆ. ಸ್ವಲ್ಪ ಹೊತ್ತಿನಲ್ಲೇ ಅದರ ಫಿಲ್ಟರ್ ಕಟ್ಟಿಕೊಂಡಿತು. ಕೆಲಸ ಮುಗಿಸಿದ ಮೇಲೂ ಗಂಟಲು ಕೆರೆಯುತ್ತಿರುತ್ತದೆ. ದೊಡ್ಡ ಯಂತ್ರವನ್ನು ಕೊಳ್ಳದೆ ದಾರಿಯಿಲ್ಲವೇ?

ಉತ್ತರ: ದಾರಿ ಇದೆ, ಆದರೆ ಅದು ಯಂತ್ರದಿಂದಲ್ಲ, ಹೊಟ್ಟು ಹಾರುವ ದಿಕ್ಕನ್ನು ನೋಡುವುದರಿಂದ ಆರಂಭವಾಗುತ್ತದೆ. ಮೈಟರ್ ಗರಗಸದ ಬ್ಲೇಡಿನ ಹಲ್ಲುಗಳು ಮರದೊಳಗೆ ನಿಮ್ಮ ಕಡೆಯಿಂದ ಹಿಂದಿನ ಫೆನ್ಸ್ (ಮರವನ್ನು ಆನಿಸಿ ಹಿಡಿಯುವ ಪಟ್ಟಿ) ಕಡೆಗೆ ಸಾಗಿ, ಅಲ್ಲಿಂದ ಮೇಲಕ್ಕೆ ಏಳುತ್ತವೆ. ಹೀಗಾಗಿ ಹೊಟ್ಟು ಬ್ಲೇಡಿನ ಹಿಂದೆ ಬೀಸಣಿಗೆಯಂತೆ ಅಗಲವಾಗಿ ಚಿಮ್ಮುತ್ತದೆ. ಚೀಲ ಸಿಕ್ಕಿಸುವ ಕೊಳವೆಯ ಬಾಯಿಯಾದರೋ ಬಹಳ ಕಿರಿದು, ಮತ್ತು ಅದು ಒಂದೇ ಕಡೆಗೆ ತೆರೆದಿರುತ್ತದೆ. ಅದರ ನೇರಕ್ಕೆ ಬಂದದ್ದಷ್ಟೇ ಒಳಗೆ ಹೋಗುತ್ತದೆ. ಗರಗಸದ ಹಿಂದೆ ಒಂದು ಬಿಳಿ ಹಾಳೆಯನ್ನು ನಿಲ್ಲಿಸಿ ಬೇಡದ ತುಂಡೊಂದನ್ನು ಕೊಯ್ದು ನೋಡಿ. ಯಾವ ಎತ್ತರದಲ್ಲಿ, ಎಷ್ಟು ಅಗಲಕ್ಕೆ ಹೊಟ್ಟು ಬಡಿಯುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಬ್ಲೇಡಿನ ಹಿಂಬದಿಯಲ್ಲಿ, ಕೊಳವೆಯ ಬಾಯಿಗೆ ಹೊಂದಿಕೊಂಡು, ಸಾಮಾನ್ಯವಾಗಿ ಒಂದು ಪುಟ್ಟ ರಬ್ಬರ್ ತುಂಡು ಜೋತಾಡುತ್ತಿರುತ್ತದೆ. ಬಹಳ ಜನ ಅದನ್ನು ಗಮನಿಸುವುದೇ ಇಲ್ಲ, ಆದರೆ ಹೊಟ್ಟನ್ನು ಕೊಳವೆಯತ್ತ ತಿರುಗಿಸುವ ಕೆಲಸ ಅದರದೇ. ಅದು ಗಿಡ್ಡವಾಗಿದ್ದರೆ ಅಥವಾ ಹರಿದಿದ್ದರೆ ತೆಳುವಾದ ರಬ್ಬರ್ ಹಾಳೆಯಿಂದ ಸ್ವಲ್ಪ ಅಗಲವಾದ, ಫೆನ್ಸಿನ ಹಿಂದಕ್ಕೆ ಇಳಿಯುವಷ್ಟು ಉದ್ದವಾದ ತುಂಡನ್ನು ಕತ್ತರಿಸಿ, ಎರಡೂ ಅಂಚುಗಳು ತುಸು ಮುಂದಕ್ಕೆ ಬಾಗಿ ದೋಣಿಯಂತೆ ನಿಲ್ಲುವ ಹಾಗೆ ಕೂರಿಸಿ. ಪ್ಲಗ್ ತೆಗೆದಿಟ್ಟು, ಗರಗಸದ ತಲೆಯನ್ನು, ಅಂದರೆ ಬ್ಲೇಡಿರುವ ಮೇಲ್ಭಾಗವನ್ನು, ಪೂರ್ತಿ ಇಳಿಸಿ, ಎಡಕ್ಕೂ ಬಲಕ್ಕೂ ತಿರುಗಿಸಿ, ರಬ್ಬರ್ ಎಲ್ಲಿಯೂ ಬ್ಲೇಡಿಗೆ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಅದನ್ನು ಬಳಸಬೇಕು. ಖರ್ಚಿಲ್ಲದ ಉಪಾಯಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ.

ಇಷ್ಟಾದರೂ ತಪ್ಪಿಸಿಕೊಂಡು ಹಾರುವ ಹೊಟ್ಟಿಗೆ ಗರಗಸದ ಹಿಂದೊಂದು ಗೂಡು ಬೇಕು. ಪ್ಲೈವುಡ್ಡಿನಿಂದಲೋ ದಪ್ಪ ಬಟ್ಟೆಯಿಂದಲೋ ಅದನ್ನು ಮಾಡಿಕೊಳ್ಳಬಹುದು. ಅಳತೆ ತೆಗೆಯುವಾಗ ತಲೆಯನ್ನು ಎರಡೂ ಬದಿಗೆ 45 ಡಿಗ್ರಿವರೆಗೆ ತಿರುಗಿಸಿ, ಹಿಂದೆ ಮುಂದೆ ಜಾರುವ ಮಾದರಿಯಾಗಿದ್ದರೆ ಪೂರ್ತಿ ಹಿಂದಕ್ಕೆ ತಳ್ಳಿ, ಅದು ಮುಟ್ಟುವ ಕೊನೆಯ ಜಾಗಗಳನ್ನು ಗುರುತು ಹಾಕಿಕೊಳ್ಳಿ. ನೇರ ಕೊಯ್ತಕ್ಕಷ್ಟೇ ಹೊಂದುವ ಗೂಡು ಓರೆ ಕೊಯ್ತದ ದಿನ ಅಡ್ಡಿಯಾಗುತ್ತದೆ. ಒಳಗಿನ ತಳ ಹಿಂದಕ್ಕೆ ಇಳಿಜಾರಾಗಿದ್ದು, ಇಳಿಜಾರಿನ ಕೊನೆಯಲ್ಲಿ 4 ಇಂಚಿನ ಪೈಪಿಗೆ ರಂಧ್ರವಿರಲಿ.

ಇನ್ನು ಯಂತ್ರದ ಮಾತು. ವ್ಯಾಕ್ಯೂಮ್ ಕ್ಲೀನರ್ ಕಿರಿದಾದ ಕೊಳವೆಯಲ್ಲಿ ಬಲವಾಗಿ ಎಳೆಯುತ್ತದೆ, ಆದರೆ ಅದು ಸಾಗಿಸುವ ಗಾಳಿಯ ಪ್ರಮಾಣ ಕಡಿಮೆ. ಮರಗೆಲಸದ ಹೊಟ್ಟು ಹೀರಲೆಂದೇ ಇರುವ ದೊಡ್ಡ ಯಂತ್ರವಾದ ಡಸ್ಟ್ ಕಲೆಕ್ಟರ್ ಅಷ್ಟು ಬಲವಾಗಿ ಎಳೆಯದಿದ್ದರೂ ಹೇರಳವಾಗಿ ಗಾಳಿಯನ್ನು ಸಾಗಿಸುತ್ತದೆ. ಆದ್ದರಿಂದ ಗರಗಸದ ಸಣ್ಣ ಕೊಳವೆಗೆ ಮೊದಲನೆಯದು, ಹಿಂದಿನ ಗೂಡಿಗೆ ಎರಡನೆಯದು ಸರಿಹೊಂದುತ್ತದೆ. 4 ಇಂಚಿನ ಪೈಪನ್ನು ನಡುವೆ 2 ಇಂಚಿಗೆ ಇಳಿಸಿದರೆ ಗಾಳಿ ಹಾಯುವ ಜಾಗ ನಾಲ್ಕನೇ ಒಂದು ಭಾಗವಾಗುತ್ತದೆ ಎಂಬುದನ್ನು ಮರೆಯಬಾರದು. ನಿಮ್ಮಲ್ಲಿ ವ್ಯಾಕ್ಯೂಮ್ ಕ್ಲೀನರ್ ಮಾತ್ರ ಇರುವುದರಿಂದ ಅದನ್ನು ಕೊಳವೆಗೇ ಜೋಡಿಸಿಡಿ. ಗೂಡಿಗೆ ಯಂತ್ರದ ಎಳೆತ ಇಲ್ಲದಿದ್ದರೂ ದಪ್ಪ ಹೊಟ್ಟು ಕೋಣೆಗೆ ಹರಡದೆ ಅದರೊಳಗೆ ಬೀಳುತ್ತದೆ.

ಫಿಲ್ಟರ್ ಕಟ್ಟಿಕೊಳ್ಳುವುದಕ್ಕೆ, ಗರಗಸಕ್ಕೂ ವ್ಯಾಕ್ಯೂಮ್ ಕ್ಲೀನರಿಗೂ ನಡುವೆ ಜೋಡಿಸುವ ಸೈಕ್ಲೋನ್ ಎಂಬ ಸಾಧನ ಒಳ್ಳೆಯ ಪರಿಹಾರ. ಗಾಳಿಯೊಂದಿಗೆ ಬಂದ ಹೊಟ್ಟು ಅದರ ಶಂಕುವಿನಲ್ಲಿ ಸುತ್ತುತ್ತ ಕೆಳಗಿನ ಡಬ್ಬಿಗೆ ಇಳಿಯುತ್ತದೆ, ಫಿಲ್ಟರಿನವರೆಗೆ ತಲುಪುವುದು ಅಲ್ಪ. ಡಬ್ಬಿಯ ಮುಚ್ಚಳದಲ್ಲಿ ಗಾಳಿ ಸೋರಿದರೆ ಕೆಳಗೆ ಕೂತ ಹೊಟ್ಟು ಮತ್ತೆ ಮೇಲೇಳುತ್ತದೆ. ಡಬ್ಬಿ ತೆಳುವಾಗಿದ್ದರೆ, ಪೈಪು ಕಟ್ಟಿಕೊಂಡಾಗ ಎಳೆತಕ್ಕೆ ಒಳಕ್ಕೆ ಕುಗ್ಗಿಬಿಡುತ್ತದೆ.

ನಿಮ್ಮ ಗಂಟಲಿನ ಕೆರೆತದ ವಿಷಯವನ್ನು ನಾನು ಹಗುರವಾಗಿ ಕಾಣಲಾರೆ. ನೆಲದ ಮೇಲೆ ಕಾಣುವ ಹೊಟ್ಟು ಗುಡಿಸಿದರೆ ಹೋಗುತ್ತದೆ, ಆದರೆ ಕಣ್ಣಿಗೆ ಕಾಣದ ನುಣ್ಣನೆಯ ಧೂಳು ಗರಗಸ ನಿಂತ ಮೇಲೂ ಬಹಳ ಹೊತ್ತು ಗಾಳಿಯಲ್ಲಿ ತೇಲುತ್ತಿರುತ್ತದೆ. ದೀಪ ಆರಿಸಿ ಟಾರ್ಚ್ ಹಾಯಿಸಿದರೆ ಬೆಳಕಿನ ಕೋಲಿನಲ್ಲಿ ಅದು ಹೊಗೆಯಂತೆ ಸುಳಿದಾಡುವುದನ್ನು ನೋಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಪ್ರಕಟಿಸಿದ ತನ್ನ ಸಂಪುಟದಲ್ಲಿ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ. ವಿಶೇಷವಾಗಿ ಮೂಗು ಮತ್ತು ಸೈನಸ್‌ಗಳ ಕ್ಯಾನ್ಸರಿಗೆ ಅದರ ನಂಟಿದೆ. ಹಾಗಾಗಿ ಎನ್95 ಮಾಸ್ಕನ್ನು ಕೊಯ್ಯುವಾಗ ಮಾತ್ರವಲ್ಲ, ಗುಡಿಸುವಾಗಲೂ ಚೀಲ ಬರಿದುಮಾಡುವಾಗಲೂ ಧರಿಸಿ, ಮೂಗಿನ ಎರಡೂ ಬದಿ ಸರಿಯಾಗಿ ಕೂತಿದೆಯೇ ನೋಡಿಕೊಳ್ಳಿ. ವ್ಯಾಕ್ಯೂಮ್ ಕ್ಲೀನರಿಗೆ ಅತಿ ಸಣ್ಣ ಧೂಳನ್ನೂ ತಡೆಯುವ ಹೆಪಾ ಫಿಲ್ಟರ್ ಇರಲಿ. ಇಲ್ಲದಿದ್ದರೆ ಅದು ಮುಂದೆ ಹೀರಿದ ನುಣ್ಣನೆಯ ಧೂಳನ್ನು ಹಿಂದಿನಿಂದ ಕೋಣೆಗೇ ಬಿಡುತ್ತದೆ. ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಕೊಯ್ಯುವ ದಿನ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಅದರ ಧೂಳು ಹಿಟ್ಟಿನಷ್ಟು ನುಣುಪು.

ಕೊಯ್ದಾದ ಮೇಲೆ ಬ್ಲೇಡ್ ಪೂರ್ತಿ ನಿಲ್ಲುವವರೆಗೆ ತಲೆಯನ್ನು ಎತ್ತಬೇಡಿ, ವ್ಯಾಕ್ಯೂಮ್ ಕ್ಲೀನರನ್ನು ಇನ್ನೂ ಕೆಲವು ಸೆಕೆಂಡು ಓಡಲು ಬಿಡಿ.

ಪ್ರಶ್ನೆ: ಕೆಲಸದ ಕೊನೆಗೆ ಬ್ಲೋವರಿನಿಂದ ಗರಗಸವನ್ನು ಊದಿ ಸ್ವಚ್ಛಗೊಳಿಸುವುದು ಸರಿಯೇ?

ಉತ್ತರ: ಕೋಣೆಯೊಳಗೆ ಬೇಡ. ಅಷ್ಟು ಕಷ್ಟಪಟ್ಟು ಹಿಡಿದ ಧೂಳೂ ಸೇರಿ ಎಲ್ಲವೂ ಮತ್ತೆ ಗಾಳಿಗೆ ಏರುತ್ತದೆ. ಮೃದುವಾದ ಬ್ರಷ್ಷಿನಿಂದ ಕೆದಕುತ್ತ, ಪಕ್ಕದಲ್ಲೇ ವ್ಯಾಕ್ಯೂಮ್ ಕ್ಲೀನರಿನ ಬಾಯಿ ಹಿಡಿದು ತೆಗೆಯಿರಿ. ಊದಲೇಬೇಕಾದ ಸಂದುಗಳಿದ್ದರೆ ಗರಗಸವನ್ನು ಹೊರಗೆ ಒಯ್ದು, ಗಾಳಿಗೆ ಬೆನ್ನು ಮಾಡಿ ನಿಂತು, ಕನ್ನಡಕ ಮತ್ತು ಮಾಸ್ಕ್ ಧರಿಸಿ ಊದಿ.