ಕರ್ನಾಟಕದಲ್ಲಿ ರಿಯಲ್ ಎಸ್ಟೇಟ್ ಏಜೆಂಟ್ ಆಗಲು ಡಿಗ್ರಿ, ಅನುಭವ ಬೇಕಾ?

2016ರ ರೇರಾ ಕಾಯ್ದೆಯಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣದ ಕಾನೂನಿನಲ್ಲಿ, ಡಿಗ್ರಿಯೂ ಕೇಳಿಲ್ಲ, ಇಷ್ಟು ವರ್ಷದ ಅನುಭವ ಅಂತಲೂ ಇಲ್ಲ. ಆದರೆ ರೇರಾದಲ್ಲಿ ನೋಂದಾಯಿಸಿದ ಲೇಔಟ್‌ನ ಸೈಟು ಅಥವಾ ಅಪಾರ್ಟ್‌ಮೆಂಟಿನ ಫ್ಲ್ಯಾಟು ಮಾರಿಸಿಕೊಡಲು ಏಜೆಂಟ್ ನೋಂದಣಿ ಕಡ್ಡಾಯ. ಕರ್ನಾಟಕ ರೇರಾ ಪೋರ್ಟಲ್‌ನಲ್ಲಿ ಪ್ಯಾನ್, ಫೋಟೋ, ವಿಳಾಸದ ದಾಖಲೆ, ಆದಾಯ ತೆರಿಗೆ ರಿಟರ್ನ್ಸ್ ಕೊಟ್ಟು ಅರ್ಜಿ ಹಾಕಬೇಕು. ಸಿಕ್ಕ ನಂಬರನ್ನು ಪ್ರತಿ ವ್ಯವಹಾರದಲ್ಲೂ ನಮೂದಿಸಬೇಕು. ಸುಮ್ನೆ ನೋಂದಣಿ ಇಲ್ಲದೆ ಮಾರಿಸಿದರೆ ದಿನಕ್ಕೆ 10,000 ರೂಪಾಯಿ ದಂಡ. ಅದು ಆಸ್ತಿ ಬೆಲೆಯ ಶೇ. 5ರವರೆಗೂ ಏರಬಹುದು.

ಮಹಾರಾಷ್ಟ್ರ 2023ರಲ್ಲಿ ಏಜೆಂಟರಿಗೆ ತರಬೇತಿ, ಪರೀಕ್ಷೆ ಕಡ್ಡಾಯ ಮಾಡಿತು. ಒಳ್ಳೆಯ ನಿರ್ಧಾರ ಅನ್ನುತ್ತೇನೆ. ಕಾಯ್ದೆ ಕೇಳದಿದ್ದರೂ ಇಸಿ, ಅಂದರೆ ಆಸ್ತಿಯ ಮೇಲಿನ ನೋಂದಾಯಿತ ಅಡಮಾನ, ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ, ಓದಲು ಕಲಿಯಿರಿ. ಹಳೆಯ ಅಡಮಾನ ತೀರಿಲ್ಲ ಅನ್ನೋದು ನಿಮ್ಮ ಕಣ್ಣಿಗೆ ಬೀಳದಿದ್ದರೆ ಕೊಳ್ಳುವವರ ಜೀವಮಾನದ ಉಳಿತಾಯಕ್ಕೇ ಕುತ್ತು, ಅಲ್ವಾ?