ಪುಸ್ತಕ ಮುಚ್ಚಿ, ಊರಿಗೆ ಹೋಗಿ ಬನ್ನಿ

ಓದುಗರ ಪತ್ರ: ನಾನು ಧಾರವಾಡದಲ್ಲಿ ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ, ಮೊದಲ ವರ್ಷ. ಹಾವೇರಿ ಜಿಲ್ಲೆಯ ಹಳ್ಳಿಯವಳು, ಈಗ ಹಾಸ್ಟೆಲ್‌ನಲ್ಲಿದ್ದೇನೆ. ಕ್ಲಾಸ್ ಮುಗಿದ ಮೇಲೆ ಸಪ್ತಾಪುರದ ರೀಡಿಂಗ್ ರೂಮಿನಲ್ಲಿ ಕೂತು ಪಿಡಿಒ, ಕೆಎಎಸ್ ಪರೀಕ್ಷೆಗೂ ಓದುತ್ತೇನೆ. ಎಷ್ಟು ತಾಸು ಕೂತರೂ ತಲ್ಯಾಗ ಏನೂ ನಿಲ್ಲವಲ್ದು. ಸುಮ್ನೆ ಕೂತರೆ ತಪ್ಪು ಮಾಡಿದಂಗ ಅನಸ್ತದ. ಅಪ್ಪ 'ಹಿಂದಿನವ್ರು ಬೀದಿ ದೀಪದಾಗ ಓದಿದ್ರು' ಅಂತಾರೆ. ನನಗೊಂದು ಒಳ್ಳೆಯ ಟೈಮ್ ಟೇಬಲ್ ಮಾಡಿಕೊಡಿ.

ಸಂಪಾದಕರ ಉತ್ತರ:

ಪ್ರೀತಿಯ ತಂಗಿ,

ನೀವು ಪತ್ರದ ಜತೆ ಕಳಿಸಿದ ಟೈಮ್ ಟೇಬಲ್ ನನ್ನ ಮೇಜಿನ ಮೇಲಿದೆ. ಸ್ಕೇಲ್ ಇಟ್ಟು ನೀಟಾಗಿ ಗೆರೆ ಎಳೆದಿದ್ದೀರಿ. ಬೆಳಗಿನ ಐದರಿಂದ ರಾತ್ರಿ ಒಂದರವರೆಗೆ ಒಂದು ಮನೆಯೂ ಖಾಲಿ ಇಲ್ಲ. ಊಟಕ್ಕೆ ಇಪ್ಪತ್ತು ನಿಮಿಷ. ಸಂಜೆ ಏಳೂವರೆಯ ಎದುರಿಗೆ 'ಅವ್ವನ ಜೋಡಿ ಫೋನ್, 10 ನಿಮಿಷ' ಅಂತ ಬರೆದು, ಆಮೇಲೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿದ್ದೀರಿ. ಪಕ್ಕದಲ್ಲಿ 'ಕರೆಂಟ್ ಅಫೇರ್ಸ್' ಅಂತಿದೆ. ಆ ಗೀಟು ನೋಡಿದ ಮೇಲೆ ನಿಮಗೆ ನಾಲ್ಕು ಸಾಲಿನ ಉತ್ತರ ಬರೆದು ಮುಗಿಸಲು ಮನಸ್ಸಾಗಲಿಲ್ಲ.

ಇನ್ನೊಂದು ಟೈಮ್ ಟೇಬಲ್ ನಾನು ಮಾಡಿಕೊಡುವುದಿಲ್ಲ. ನಿಮಗೆ ಗಂಟೆಗಳು ಕಡಿಮೆ ಬಿದ್ದಿಲ್ಲ. ನಿಮ್ಮ ದಿನಕ್ಕೆ ಕೊನೆಯೇ ಇಲ್ಲ, ತೊಂದರೆ ಇರುವುದು ಅಲ್ಲಿ.

ಪತ್ರದ ಎರಡನೇ ಪುಟದಲ್ಲಿ ಸೀಗಿ ಹುಣ್ಣಿಮೆಯ ವಿಷಯ ಬರೆದಿದ್ದೀರಿ. ಮನೆಯವರೆಲ್ಲ ಕಡುಬು, ಸಜ್ಜೆ ರೊಟ್ಟಿ, ಪಲ್ಯ ಕಟ್ಟಿಕೊಂಡು ಭೂಮಿತಾಯಿಗೆ ಎಡೆ ಅರ್ಪಿಸುವ ಚರಗ ಚೆಲ್ಲಲು ಹೊಲಕ್ಕೆ ಹೋದರು. ಓದುವುದಿದೆ ಅಂತ ನೀವು ಹೋಗಲಿಲ್ಲ. ಹಾಸ್ಟೆಲ್ ರೂಮಿನಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಸಂಜೆಯವರೆಗೆ ಕೂತಿರಿ. ತಮ್ಮ ಕಳಿಸಿದ ಹೊಲದ ಫೋಟೋಗಳನ್ನು ಮತ್ತೆ ಮತ್ತೆ ನೋಡಿದಿರಿ. ರಾತ್ರಿ ನೋಡಿದರೆ ಪುಸ್ತಕದಲ್ಲಿ ಅದೇ ಪುಟ. ಅತ್ತ ಚರಗವೂ ಇಲ್ಲ, ಇತ್ತ ಓದೂ ಇಲ್ಲ. ಇಂಥ ದಿನಗಳೇ ನಿಮ್ಮನ್ನು ಸುಸ್ತು ಮಾಡಿವೆ. ಹೊಲಕ್ಕೆ ಹೋಗಿದ್ದರೆ ಒಂದು ದಿನ ಖರ್ಚಾಗುತ್ತಿತ್ತು, ಅಷ್ಟೇ. ಹೋಗದೆ ಕೂತಿದ್ದಕ್ಕೆ ಆ ದಿನವೂ ಹೋಯಿತು, ಮನಸ್ಸೂ ಕೆಟ್ಟಿತು.

ತಲೆಯಲ್ಲಿ ಯಾಕೆ ನಿಲ್ಲುತ್ತಿಲ್ಲ? ಒಂದು ಅಧ್ಯಾಯವನ್ನು ನಾಲ್ಕು ಸಲ ಓದುತ್ತೇನೆ, ಮುಖ್ಯವಾದದ್ದಕ್ಕೆಲ್ಲ ಹಳದಿ ಬಣ್ಣ ಬಳಿಯುತ್ತೇನೆ ಅಂದಿದ್ದೀರಿ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಪ್ರಕಟಿಸಿದ ಒಂದು ಪ್ರಯೋಗ ನಿಮಗೆ ಗೊತ್ತಿರಲಿ. ವಿದ್ಯಾರ್ಥಿಗಳಿಗೆ ಎರಡು ಸಣ್ಣ ಪಾಠ ಕೊಟ್ಟರು. ಒಂದನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಂದೇ ಸಲ ಓದಿಸಿ, ಖಾಲಿ ಹಾಳೆ ಕೊಟ್ಟು, ನೆನಪಿದ್ದಷ್ಟು ಬರೆಯಿರಿ ಅಂದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ ಪಾಠವೇ ಚೆನ್ನಾಗಿ ನೆನಪಿತ್ತು: ಶೇ. 81, ಇನ್ನೊಂದು ಶೇ. 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು. ಎರಡು ಸಲ ಓದಿದ್ದು ಶೇ. 42ಕ್ಕೆ ಇಳಿದಿತ್ತು, ಒಮ್ಮೆ ಓದಿ ಬರೆದದ್ದು ಶೇ. 56 ಉಳಿದಿತ್ತು. ಅದೇ ಅಧ್ಯಯನದ ಎರಡನೇ ಪ್ರಯೋಗದಲ್ಲಿ ಮತ್ತೆ ಮತ್ತೆ ಓದಿದವರಿಗೇ ತಮ್ಮ ನೆನಪಿನ ಮೇಲೆ ಜಾಸ್ತಿ ನಂಬಿಕೆ ಇತ್ತು. ನಾಲ್ಕನೇ ಸಲ ಓದುವಾಗ ಪುಟ ಪರಿಚಯದವರ ಮುಖದ ಹಾಗೆ ಕಾಣುತ್ತದೆ, ಅಲ್ವಾ? ಪರಿಚಯ ಇದೆ ಅಂದಮಾತ್ರಕ್ಕೆ ಹೆಸರು ನೆನಪಾಗುವುದಿಲ್ಲ.

ನಿಮ್ಮ ವಿಷಯದಲ್ಲೇ ಹೇಳುತ್ತೇನೆ. ಬಡ್ಡಿದರ, ಆದಾಯ ಎರಡೂ ಒಟ್ಟಿಗೆ ಹೇಗೆ ನಿರ್ಧಾರವಾಗುತ್ತವೆ ಅಂತ ತೋರಿಸಲು ಅರ್ಥಶಾಸ್ತ್ರಜ್ಞ ಹಿಕ್ಸ್ 1937ರಲ್ಲಿ ಕೊಟ್ಟ ಐಎಸ್-ಎಲ್‌ಎಂ ಮಾದರಿ ನಿಮ್ಮ ತಲೆ ತಿಂದಿದೆ ಅಂದಿದ್ದೀರಿ. ಇವತ್ತು ಅದನ್ನು ಒಂದು ಸಲ ನಿಧಾನವಾಗಿ ಓದಿ. ಪುಸ್ತಕ ಮುಚ್ಚಿ. ಫೋನನ್ನು ಟ್ರಂಕಿನೊಳಗೆ ಇಡಿ. ಬಳಸಿದ ಜೆರಾಕ್ಸ್ ಹಾಳೆಯ ಹಿಂಬದಿಯಲ್ಲಿ ಎರಡು ಗೆರೆ ಎಳೆಯಿರಿ. ನಿಂತ ಗೆರೆ ಬಡ್ಡಿದರ, ಅಡ್ಡ ಗೆರೆ ಆದಾಯ. ಸರಕು ಮಾರುಕಟ್ಟೆಯ ಐಎಸ್ ರೇಖೆ ಕೆಳಕ್ಕೆ ಇಳಿಯುತ್ತದೆ, ಹಣದ ಮಾರುಕಟ್ಟೆಯ ಎಲ್‌ಎಂ ಮೇಲಕ್ಕೆ ಏರುತ್ತದೆ. ಇಷ್ಟನ್ನು ನೀವು ಬರೆದುಬಿಡುತ್ತೀರಿ. ಈಗ ಎಲ್‌ಎಂ ಯಾಕೆ ಮೇಲಕ್ಕೆ ಏರುತ್ತದೆ ಅಂತ ನಿಮ್ಮ ಮಾತಿನಲ್ಲೇ ಬರೆಯಿರಿ. ಇಲ್ಲಿ ಪೆನ್ನು ನಿಲ್ಲಬಹುದು. ನಿಲ್ಲಲಿ, ಆದರೆ ತಕ್ಷಣ ಪುಸ್ತಕ ತೆಗೆಯಬೇಡಿ. ಎರಡು ನಿಮಿಷ ಒದ್ದಾಡಿ. ಆದಾಯ ಹೆಚ್ಚಾದರೆ ದಿನನಿತ್ಯದ ವ್ಯವಹಾರಕ್ಕೆ ಜನ ಜಾಸ್ತಿ ಹಣ ಕೈಯಲ್ಲಿ ಇಟ್ಟುಕೊಳ್ಳುತ್ತಾರೆ. ಹಣದ ಪೂರೈಕೆ ಇದ್ದಷ್ಟೇ ಇದೆ. ಹಾಗಾಗಿ ಬಡ್ಡಿದರ ಏರಲೇಬೇಕು. ಇದು ಹೊಳೆಯದಿದ್ದರೆ ಪುಸ್ತಕ ತೆಗೆದು ಆ ಒಂದು ಪ್ಯಾರಾ ಮಾತ್ರ ಓದಿ. ಎರಡು ದಿನ ಬಿಟ್ಟು ಮತ್ತೆ ಹೊಸ ಹಾಳೆಯಲ್ಲಿ ಬರೆಯಿರಿ. ಇದಕ್ಕೆ ಮುಕ್ಕಾಲು ಗಂಟೆ ಸಾಕು. ಆದರೆ ಹಳದಿ ಬಣ್ಣ ಬಳಿಯುತ್ತಾ ಕೂರುವ ಮೂರು ಗಂಟೆಗಿಂತ ಇದು ಕಷ್ಟ. ಕಷ್ಟವಾದ್ದರಿಂದಲೇ ದಿನಕ್ಕೆ ಹತ್ತು ಗಂಟೆ ಹೀಗೆ ಓದಲು ಯಾರಿಗೂ ಆಗುವುದಿಲ್ಲ.

ಹಾಗಾಗಿ ಬೆಳಿಗ್ಗೆ ಎಷ್ಟು ಗಂಟೆ ಓದಬೇಕು ಅಂತ ಬರೆದಿಡಬೇಡಿ. ಪುಸ್ತಕ ಮುಚ್ಚಿ ಏನೇನು ಬರೆಯಲು ಬರಬೇಕು ಅಂತ ಬರೆದಿಡಿ. ಕ್ಲಾಸ್ ಇರುವ ದಿನ ಎರಡು ವಿಷಯ ಸಾಕು, ರಜೆ ಇದ್ದರೆ ನಾಲ್ಕು. ಅದಾಯಿತು ಅಂದರೆ ಆ ದಿನದ ಓದು ಮುಗಿಯಿತು. ಆಗ ಗಡಿಯಾರದಲ್ಲಿ ಸಂಜೆ ಏಳೇ ಆಗಿರಲಿ, ಮುಗಿಯಿತು ಅಂದರೆ ಮುಗಿಯಿತು. ಅಲ್ಲಿಂದ ಮುಂದಿನ ಹೊತ್ತು ನಿಮ್ಮದು. ಕೆಲಗೇರಿ ಕೆರೆಯ ಕಡೆ ನಡೆದು ಬನ್ನಿ. ರೂಮಿನ ಗೆಳತಿಯರ ಜತೆ ಗಿರಮಿಟ್ ತಿನ್ನಿ. ಪಿಯುಸಿವರೆಗೆ ಖೋ ಖೋ ಆಡುತ್ತಿದ್ದೆ, ಈಗ ಬಿಟ್ಟಿದ್ದೇನೆ ಅಂತ ಒಂದೇ ಸಾಲು ಬರೆದಿದ್ದೀರಿ. ಯಾಕೆ ಬಿಟ್ಟಿರಿ?

ಇನ್ನು ಪಿಡಿಒ, ಕೆಎಎಸ್. ಇಲ್ಲಿ ನನ್ನ ಮಾತು ನಿಮಗೆ ಹಿಡಿಸಲಿಕ್ಕಿಲ್ಲ. ಈ ವರ್ಷ ರೀಡಿಂಗ್ ರೂಮ್ ಬಿಡಿ. ಅಕ್ಕಪಕ್ಕದ ಹುಡುಗಿಯರೆಲ್ಲ ಹೋಗುವಾಗ ಒಬ್ಬಳೇ ಬಿಡುವುದು ಕಷ್ಟ, ಗೊತ್ತು. ಮನೆಯಲ್ಲಿ ಬೇಗ ಕೆಲಸ ಬೇಕು ಅನ್ನುವುದೂ ಗೊತ್ತು. ಆದರೆ ಎರಡು ದೋಣಿ ಮೇಲೆ ಕಾಲಿಟ್ಟು ನಿಮಗೆ ಎರಡೂ ದಕ್ಕುತ್ತಿಲ್ಲ. ಮೊದಲ ಇಂಟರ್ನಲ್‌ನಲ್ಲಿ ಮಾರ್ಕ್ಸ್ ಕಡಿಮೆ ಬಂತು ಅಂತ ನೀವೇ ಬರೆದಿದ್ದೀರಿ. ಎಂ.ಎ.ಯನ್ನು ಗಟ್ಟಿಯಾಗಿ ಓದಿದರೆ ಮುಂದೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌ನ ವಿಷಯ ಪತ್ರಿಕೆಗೆ ಅದೇ ಓದು ಬರುತ್ತದೆ. ಕೆಎಎಸ್‌ನಲ್ಲೂ ಅರ್ಥಶಾಸ್ತ್ರ ಇದೆ. ಹಾಗಾಗಿ ಈಗಿನ ಓದು ದಂಡ ಆಗುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಪೇಪರ್ ಓದಿ, ಸದ್ಯಕ್ಕೆ ಅಷ್ಟು ಸಾಕು. ಉಳಿದದ್ದನ್ನು ಸೆಮಿಸ್ಟರ್ ರಜೆಯಲ್ಲಿ ನೋಡಿದರಾಯಿತು.

ರಾತ್ರಿ ಒಂದಕ್ಕೆ ಮಲಗಿ ಐದಕ್ಕೆ ಏಳುತ್ತೀರಿ. ನಿಮ್ಮ ವಯಸ್ಸಿನವರಿಗೆ ಏಳರಿಂದ ಒಂಬತ್ತು ಗಂಟೆ ನಿದ್ದೆ ಬೇಕು ಅಂತ ನಿದ್ದೆಯ ತಜ್ಞರು ಹೇಳುತ್ತಾರೆ. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ದೆ ಬೇಕೇ ಬೇಕು. ನಾನು ಎಂ.ಎ. ಓದುವಾಗ ಒಂದು ಪತ್ರಿಕೆಗಾಗಿ ಎರಡು ರಾತ್ರಿ ನಿದ್ದೆಗೆಟ್ಟೆ. ಪರೀಕ್ಷೆಯಲ್ಲಿ ಮೂರನೇ ಪ್ರಶ್ನೆಗೆ ಬಂದಾಗ ಉತ್ತರ ಪುಸ್ತಕದ ಯಾವ ಪುಟದಲ್ಲಿತ್ತು ಅನ್ನುವುದು ಕಣ್ಣಿಗೆ ಕಟ್ಟುತ್ತಿತ್ತು, ಒಂದು ಪದ ಬರಲಿಲ್ಲ. ಮುಂದಿದ್ದ ಖಾಲಿ ಹಾಳೆ ಈಗಲೂ ನೆನಪಿದೆ. ನಿಮಗೆ ಅದು ಬೇಡ.

ನಿಮ್ಮ ಅಪ್ಪ ಹೇಳುವ ಮಾತು ನಿಜ. ಬಹಳ ಜನ ಹಾಗೆ ಓದಿದ್ದಾರೆ. ವಾರಾನ್ನ ಉಂಡು ಓದಿದವರೂ ಇದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರಕ್ಕೆ ಏಳು ಮನೆ. ಅವರ ಬಗ್ಗೆ ನನಗೆ ತುಂಬಾ ಗೌರವವಿದೆ. ಆದರೆ ಹಸಿವು, ಕತ್ತಲೆ ಅವರಿಗೆ ಪಾಠ ಕಲಿಸಲಿಲ್ಲ. ಅವು ಇದ್ದರೂ ಅವರು ಕಲಿತರು. ವಾರಾನ್ನದ ಹುಡುಗ ದಿನಾ ಒಂದು ಮನೆಗೆ ನಡೆದು ಹೋಗುತ್ತಿದ್ದ, ಅಲ್ಲಿ ಯಾರಾದರೂ ಅವನಿಗೆ ಬಡಿಸುತ್ತಿದ್ದರು. ನೀವು ಮೆಸ್ ತಟ್ಟೆಯನ್ನು ರೂಮಿಗೆ ತಂದು ಪುಸ್ತಕದ ಮುಂದೆ ಉಣ್ಣುತ್ತೀರಿ. ನಾಳೆಯಿಂದ ಹಾಗೆ ಮಾಡಬೇಡಿ.

ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಒಮ್ಮೊಮ್ಮೆ ಕಾರಣ ಇಲ್ಲದೆ ಅಳು ಬರ್ತದ' ಅಂತ ಬರೆದಿದ್ದೀರಿ. ನಿದ್ದೆ ಸರಿಹೋದರೆ ಅದೂ ಕಡಿಮೆಯಾಗಬಹುದು. ಆದರೆ ಅದನ್ನೇ ಕಾಯುತ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜ್ವರ ಬಂದರೆ ಡಾಕ್ಟರ್ ಹತ್ತಿರ ಹೋಗುವುದಿಲ್ಲವೇ, ಹಾಗೆಯೇ ಇದು.

ನಿಮ್ಮ ಟೈಮ್ ಟೇಬಲನ್ನು ಅಂಚೆಯಲ್ಲಿ ವಾಪಸ್ ಕಳಿಸುತ್ತಿದ್ದೇನೆ. ಈ ಶನಿವಾರ ಊರಿಗೆ ಹೋಗಿ ಬನ್ನಿ. ಪುಸ್ತಕ ಒಯ್ಯಬೇಡಿ. ಪರೀಕ್ಷೆ ಮುಗಿದ ಮೇಲೆ ನನಗೊಂದು ಕಾಗದ ಹಾಕಿ. ಎಷ್ಟು ತಾಸು ಓದಿದಿರಿ ಅಂತ ಬೇಡ. ಹೊಲದಲ್ಲಿ ಮೆಣಸಿನಕಾಯಿ ಹೇಗೆ ಬಂತು, ಅವ್ವ ಹೇಗಿದ್ದಾರೆ, ಅದನ್ನು ಬರೆಯಿರಿ.

ನಿಮ್ಮ
ಸಂಪಾದಕ